ಓಟದ ದಿನದ ಟೈರು, ಊರ ದಾರಿಯ ಟೈರು

ಚೆನ್ನೈಯಲ್ಲಿ ನೆಲೆಸಿ, ನಾಲ್ಕು ದಿನ ರಜೆ ಸಿಕ್ಕಿದರೆ ಊರ ಕಡೆಗೆ ಕಾರು ತಿರುಗಿಸುವ ನಮ್ಮವರಿಗೆ ಶ್ರೀಪೆರುಂಬುದೂರಿನ ದಾರಿ ಹೊಸದಲ್ಲ. ಪೂನಮಲ್ಲಿಯ ಗದ್ದಲ ಹಿಂದೆ ಬಿದ್ದು, ಬೆಂಗಳೂರು ಹೆದ್ದಾರಿಯಲ್ಲಿ ಕಾರು ಹದಕ್ಕೆ ಬಂದು, ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿಯ ಮಾತು ಆರಂಭವಾಗುವ ಹೊತ್ತಿಗೆ ಇರುಂಗಾಟ್ಟುಕೋಟ್ಟೈ ಬರುತ್ತದೆ. ಅಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ಓಟದ ಹಾದಿಯುಂಟು. ಎಷ್ಟೋ ವರ್ಷ ನಾನು ಅದರ ಬದಿಯಲ್ಲೇ ಹಾದುಹೋಗುತ್ತಿದ್ದೆ. ಒಳಗೆ ಹೋಗುವ ಕಾಲ ಬಂದೀತೆಂದು ಎಣಿಸಿರಲಿಲ್ಲ.

ಈ ಹಾದಿ ತೆರೆದದ್ದು ೧೯೯೦ರಲ್ಲಿ. ಒಂದು ಸುತ್ತು ಸುಮಾರು ೩.೭ ಕಿಲೋಮೀಟರು. ಅದಕ್ಕೆ ಮುಂಚೆ ಪಂದ್ಯಗಳು ನಡೆಯುತ್ತಿದ್ದುದು ಚೆನ್ನೈಗೆ ಉತ್ತರದಲ್ಲಿರುವ ಶೋಳಾವರಂನಲ್ಲಿ, ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ. ಇಂಥದೇ ಹಾದಿಗಳು ಕೊಯಮತ್ತೂರಿನಲ್ಲಿಯೂ ಇವೆ. ದಿಲ್ಲಿಯ ಕನ್ನಡಿಗರಿಗೆ ೨೦೧೧ರಲ್ಲಿ ಆರಂಭವಾದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟು ಹತ್ತಿರ.

ಸರಕಾರಿ ಗುಮಾಸ್ತನಿಗೆ ಮೋಟಾರು ಪಂದ್ಯದ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಪಂದ್ಯವಲ್ಲ ಸ್ವಾಮಿ, ‘ಟ್ರ್ಯಾಕ್ ಡೇ’. ಪಂದ್ಯವಿಲ್ಲದ ಒಂದು ದಿನ, ಶುಲ್ಕ ಕಟ್ಟಿ, ತಲೆಗೆ ಹೆಲ್ಮೆಟ್ ಧರಿಸಿ, ನಮ್ಮ ನಮ್ಮ ಮನೆಯ ಕಾರನ್ನೇ ತಂದು ಹದಿನೈದು ಇಪ್ಪತ್ತು ನಿಮಿಷಗಳ ಸರದಿಯಲ್ಲಿ ಓಡಿಸಬಹುದು. ಎದುರಿನಿಂದ ಲಾರಿ ಬರುವುದಿಲ್ಲ, ಹಸು ಅಡ್ಡ ಬರುವುದಿಲ್ಲ. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಕಾರಿನ ಶಕ್ತಿಯೆಷ್ಟು, ನಮ್ಮ ಯೋಗ್ಯತೆಯೆಷ್ಟು ಎಂಬುದು ಮಾತ್ರ ತಿಳಿದುಬರುತ್ತದೆ. ನನಗೆ ಎರಡನೆಯದು ಬೇಗ ತಿಳಿಯಿತು.

ಕಳೆದ ಯುಗಾದಿಯ ಕೂಟದಲ್ಲಿ ನಮ್ಮ ಸಂಘದ ಇಬ್ಬರು ಹುಡುಗರು ನನ್ನನ್ನು ಮೂಲೆಗೆ ಕರೆದು, “ಟ್ರ್ಯಾಕ್ ಡೇಗೆ ಹೋಗಬೇಕೆಂದಿದ್ದೇವೆ, ಯಾವ ಟೈರು ಹಾಕಿಸಬೇಕು, ಯಾವ ಸೈಜು?” ಎಂದು ಕೇಳಿದರು. ಹೋಳಿಗೆ ಬಡಿಸುವ ಹೊತ್ತಾಗಿದ್ದುದರಿಂದ ಅಂದು ಸರಿಯಾಗಿ ಉತ್ತರಿಸಲಾಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾರಿನ ಹುಚ್ಚಿಲ್ಲದ ವಾಚಕರೂ ದಯವಿಟ್ಟು ಓದಬೇಕು. ಏಕೆಂದರೆ ಈ ವಿಚಾರದಲ್ಲಿ ನನಗೆ ಬುದ್ಧಿ ಬಂದದ್ದು ಓಟದ ಹಾದಿಯಲ್ಲಾದರೂ, ಅದು ಕೆಲಸಕ್ಕೆ ಬಂದದ್ದು ನನ್ನ ತಾಯಿಯನ್ನು ಮೈಸೂರಿಗೆ ಕರೆದೊಯ್ಯುವಾಗ.

ನನ್ನದು ೨೦೧೫ರ ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಟಿ.ಎಸ್.ಐ. ಒಬ್ಬರು ವೃದ್ಧ ವೈದ್ಯರು ವಾರಕ್ಕೊಮ್ಮೆ ದೇವಸ್ಥಾನಕ್ಕೆ ಮಾತ್ರ ಓಡಿಸಿ ಇಟ್ಟುಕೊಂಡಿದ್ದ ಗಾಡಿ. ೧.೨ ಲೀಟರಿನ ಸಣ್ಣ ಎಂಜಿನ್ನು, ಆದರೆ ಟರ್ಬೊ ಇರುವುದರಿಂದ ೧೦೫ ಕುದುರೆಗಳ ಶಕ್ತಿ. ಪೋಲೋ ನಮ್ಮ ದೇಶದಲ್ಲಿ ೨೦೨೨ರಲ್ಲಿ ನಿಂತುಹೋಯಿತು. ಹಾಗಾಗಿ ಇದ್ದವರು ಅದನ್ನು ಹಳೆಯ ಕೊಳಗದಂತೆ ಜೋಪಾನ ಮಾಡುತ್ತಾರೆ. ಕೊಂಡಾಗ ಟೈರುಗಳನ್ನು ನೋಡಿದೆ. ಅಂಗಡಿಯವರು ‘ಬಟನ್’ ಎನ್ನುವ ಅಚ್ಚು ಚೆನ್ನಾಗಿ ಎದ್ದು ಕಾಣುತ್ತಿದ್ದಿತು, ಬೆರಳಿಟ್ಟರೆ ಆಳವಿದ್ದಿತು. ಇನ್ನು ಎರಡು ವರ್ಷ ಖರ್ಚಿಲ್ಲವೆಂದು ಸಂತೋಷಪಟ್ಟೆ.

೨೦೨೩ರ ಸೆಪ್ಟೆಂಬರಿನ ಒಂದು ಭಾನುವಾರ ಭಾವಮೈದುನನನ್ನು ಜೊತೆ ಮಾಡಿಕೊಂಡು ಹಾದಿಗೆ ಇಳಿದೆ. ಮೊದಲ ಸರದಿ ಸುಖವಾಗಿ ಕಳೆಯಿತು. ಎರಡನೆಯದರಲ್ಲಿ ನಾಲ್ಕು ಸುತ್ತಾಗುತ್ತಲೇ ಸ್ಟಿಯರಿಂಗು ಎಣ್ಣೆ ಹಚ್ಚಿದಂತೆ ಜಾರತೊಡಗಿತು. ತಿರುವಿನಲ್ಲಿ ಮುಂಭಾಗ ಹೇಳಿದ ಕಡೆಗೆ ಹೋಗದೆ ತನಗೆ ಬೇಕಾದ ಕಡೆಗೆ ಹೋಯಿತು. ಸುಟ್ಟ ರಬ್ಬರಿನ ವಾಸನೆ ಬಂದಿತು. ಕಾರನ್ನು ಒಳಕ್ಕೆ ತಂದು ನೋಡಿದರೆ ಮುಂದಿನ ಟೈರಿನ ಅಂಚಿನಿಂದ ಹೆಬ್ಬೆರಳಿನಷ್ಟು ರಬ್ಬರು ಕಿತ್ತುಹೋಗಿದ್ದಿತು. ಪಕ್ಕದಲ್ಲಿ ಬೇರೊಬ್ಬರ ಕಾರು ನೋಡಿಕೊಳ್ಳುತ್ತಿದ್ದ ವಯಸ್ಸಾದ ಮೆಕ್ಯಾನಿಕ್ಕು ಬಂದು, ಮಂಡಿಯೂರಿ, ಟಾರ್ಚು ಹಾಕಿ, ಟೈರಿನ ಗೋಡೆಯ ಮೇಲೆ ಏನನ್ನೋ ಓದಿದನು. ಎಂಜಿನ್ನಿನ ವಿಚಾರ ಕೇಳಲಿಲ್ಲ, ನನ್ನ ವೇಗದ ವಿಚಾರವನ್ನೂ ಕೇಳಲಿಲ್ಲ. ತಮಿಳಿನಲ್ಲಿ ಕೇಳಿದ್ದು ಒಂದೇ ಮಾತು: “ಸಾರ್, ಮನೆಯವರನ್ನು ಕೂರಿಸಿಕೊಂಡು ಹೋಗುವುದೂ ಈ ಟೈರಿನಲ್ಲೇನಾ?”

ಅವನು ಓದಿದ್ದು ನಾಲ್ಕು ಅಂಕೆಗಳನ್ನು: ೨೧೧೫. ಟೈರಿನ ಗೋಡೆಯ ಮೇಲೆ ‘ಡಿ.ಓ.ಟಿ.’ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಗೂಡಿನೊಳಗೆ ಇವು ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂದರೆ ನನ್ನ ಟೈರು ೨೦೧೫ನೆಯ ಇಸವಿಯ ೨೧ನೆಯ ವಾರದಲ್ಲಿ ಹುಟ್ಟಿದ್ದು. ಎಂಟು ವರ್ಷ ದಾಟಿದ್ದಿತು. ಬಟನ್ನು ಸವೆಯದಿದ್ದರೇನು, ರಬ್ಬರು ಮುದಿಯಾಗಿದ್ದಿತು. ಬಿಸಿಲು, ಗಾಳಿ, ಕಾಲ ಇವು ರಬ್ಬರಿನ ಮೆದುತನವನ್ನು ಹೀರಿಕೊಳ್ಳುತ್ತವೆ. ಗಾಡಿ ಓಡದೆ ನಿಂತಿದ್ದರೂ ಅಷ್ಟೆ. ಟಾರ್ಚಿನ ಬೆಳಕಿನಲ್ಲಿ ಅಚ್ಚಿನ ಸಂದುಗಳ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡುವು. ಟೈರು ತಯಾರಕರಲ್ಲಿ ಹಲವರು, ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಬೇಕು, ಹತ್ತು ವರ್ಷವಾದರೆ ಹೇಗೇ ಇದ್ದರೂ ತೆಗೆದುಬಿಡಬೇಕು ಎನ್ನುತ್ತಾರೆ. ನಮ್ಮ ಕಛೇರಿಯಲ್ಲಿರುವಂತೆ ಅಲ್ಲಿಯೂ ನಿವೃತ್ತಿಯ ವಯಸ್ಸೊಂದಿದೆ. ಸೇವಾವಧಿಯ ವಿಸ್ತರಣೆ ಮಾತ್ರ ಇಲ್ಲ.

ಮುಂದಿನ ತಿಂಗಳು ದಸರೆ. ತಾಯಿ, ಹೆಂಡತಿ, ಮಗಳು, ಮೂವರನ್ನೂ ಕೂರಿಸಿಕೊಂಡು ಸುಮಾರು ಐನೂರು ಕಿಲೋಮೀಟರು ಹೆದ್ದಾರಿಯಲ್ಲಿ ಮೈಸೂರಿಗೆ ಹೊರಡುವುದೆಂದು ನಿಶ್ಚಯವಾಗಿದ್ದಿತು. ಆ ಟೈರುಗಳ ಮೇಲೆಯೇ! ಮನೆಗೆ ಅರುವತ್ತು ಮೀರದಂತೆ ಓಡಿಸಿಕೊಂಡು ಬಂದೆ. ಭಾವಮೈದುನ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವನ ಸ್ವಭಾವಕ್ಕೆ ಅದು ದೊಡ್ಡ ವಿಷಯ.

ಮಾರನೆಯ ದಿನವೇ ಅವನಿಗೆ ಬಾಯಿ ಬಂದಿತು. “ಭಾವ, ಹೇಗೂ ಟೈರು ಬದಲಾಯಿಸಲೇಬೇಕಲ್ಲ, ಹದಿನೇಳು ಇಂಚಿನ ಅಲಾಯ್ ಚಕ್ರ ಹಾಕಿಸಿಬಿಡೋಣ. ಟೈರು ಅಗಲವಾದಷ್ಟೂ ಹಿಡಿತ ಜಾಸ್ತಿ. ನೋಡೋಕೂ ಗಂಡಾಗಿರುತ್ತೆ” ಎಂದನು. ಗಂಡಸುತನ ಚಕ್ರದ ಇಂಚಿನಲ್ಲಿ ಇರುವುದು ನನಗೆ ಗೊತ್ತಿರಲಿಲ್ಲ. ಆದರೆ ಅಗಲದ ಮಾತನ್ನು ಹಾಗೇ ತಳ್ಳಿಹಾಕಲಾಗಲಿಲ್ಲ. ಕಾಗದ ಪೆನ್ಸಿಲು ಹಿಡಿದು ಕುಳಿತೆ.

ನನ್ನ ಕಾರಿಗೆ ಕಾರ್ಖಾನೆಯವರು ಕೊಟ್ಟ ಸೈಜು ೧೮೫/೬೦ ಆರ್ ೧೫. ಈ ಒಂದು ಸಾಲಿನಲ್ಲಿ ಮೂರು ದೇಶಗಳ ಲೆಕ್ಕವಿದೆ. ೧೮೫ ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ೬೦ ಎಂಬುದು ಮಿಲಿಮೀಟರಲ್ಲ, ಶೇಕಡಾ: ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ ೬೦. ‘ಆರ್’ ಎಂದರೆ ರೇಡಿಯಲ್. ಕೊನೆಯ ೧೫ ಚಕ್ರದ ಅಡ್ಡಳತೆ, ಅದು ಇಂಚಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಡತದಲ್ಲಿ ಇಂಗ್ಲಿಷು ಎಂದು ಬದುಕುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ನಮ್ಮ ಹಿರಿಯರ ಅಂಬಾಸಿಡರಿನ ಟೈರು ೫.೯೦–೧೫, ಎಲ್ಲ ಇಂಚಿನಲ್ಲೇ ಮುಗಿಯುತ್ತಿದ್ದಿತು.

ಈಗ ಲೆಕ್ಕ. ೧೮೫ರ ಶೇಕಡಾ ೬೦ ಎಂದರೆ ೧೧೧ ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ: ೨೨೨. ಹದಿನೈದು ಇಂಚು ಎಂದರೆ ೩೮೧ ಮಿ.ಮೀ. ಕೂಡಿಸಿದರೆ ೬೦೩ ಮಿ.ಮೀ. ಇದು ಟೈರಿನ ಪೂರ್ಣ ಎತ್ತರ. ಕಾರಿನ ಗೇರು, ವೇಗ ತೋರಿಸುವ ಮುಳ್ಳು, ಬ್ರೇಕಿನ ಎ.ಬಿ.ಎಸ್., ಚಕ್ರದ ಮೇಲಿನ ಕಮಾನಿನ ಜಾಗ ಎಲ್ಲವೂ ಈ ೬೦೩ನ್ನು ನಂಬಿಕೊಂಡು ಮಾಡಿದವು. ಹೊಸ ಟೈರು ಇದಕ್ಕಿಂತ ಶೇಕಡಾ ಎರಡು ಮೂರರಷ್ಟು ಆಚೀಚೆ ಹೋದರೆ ಕಾರು ಸಹಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಎಲ್ಲೋ ಒಂದು ಕಡೆ ಉಜ್ಜುತ್ತದೆ, ಇಲ್ಲವೇ ಮುಳ್ಳು ಸುಳ್ಳು ಹೇಳುತ್ತದೆ. ಎತ್ತರದ ಟೈರು ಹಾಕಿದಾಗ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಕಡೆಗೆ ವಾಲುವುದರಿಂದ ಆ ಸುಳ್ಳು ಹೆಚ್ಚು ಅಪಾಯದ್ದು.

ಭಾವಮೈದುನನ ಮನಸ್ಸಿನಲ್ಲಿದ್ದುದು ೨೧೫/೪೫ ಆರ್ ೧೭. ಅದರ ಎತ್ತರ ೬೨೫ ಮಿ.ಮೀ.; ಶೇಕಡಾ ೩.೭ ಹೆಚ್ಚು. ಅಗಲ ೩೦ ಮಿ.ಮೀ. ಹೆಚ್ಚು. ಗೋಡೆ ೧೧೧ರ ಬದಲು ೯೭. ಹದಿನೇಳು ಇಂಚಿನ ಚಕ್ರ ಸಾಮಾನ್ಯವಾಗಿ ತೂಕವೂ ಹೆಚ್ಚು; ಸ್ಪ್ರಿಂಗಿನ ಕೆಳಗೆ ಸೇರುವ ತೂಕ ಸಣ್ಣ ಕಾರನ್ನು ಮಂಕುಮಾಡುತ್ತದೆ, ನೂರೈದು ಕುದುರೆಗಳು ಅದನ್ನು ತಿರುಗಿಸುವುದರಲ್ಲೇ ದಣಿಯುತ್ತವೆ. ನಮ್ಮ ರಸ್ತೆಯ ಗುಂಡಿಗಳೋ, ರಬ್ಬರಿನ ಗೋಡೆ ಕಡಿಮೆಯಾದಷ್ಟೂ ಸೀದಾ ರಿಮ್ಮಿಗೆ ಹೊಡೆಯುತ್ತವೆ. ಅವನ ಗೆಳೆಯನೊಬ್ಬ ಇಂಥದೇ ಚಕ್ರ ಹಾಕಿಸಿ, ಎರಡು ರಿಮ್ಮು ಬಗ್ಗಿಸಿಕೊಂಡು, ಕೊನೆಗೆ ಅರ್ಧ ಬೆಲೆಗೆ ಮಾರಿದ್ದನು. ಇದನ್ನು ನೆನಪಿಸಿದ ಮೇಲೆ ಹದಿನೇಳರ ಮಾತು ನಿಂತಿತು.

ಅಗಲವಾದಷ್ಟೂ ಹಿಡಿತ ಹೆಚ್ಚು ಎಂಬುದು ಅರ್ಧ ನಿಜ. ಟೈರು ನೆಲವನ್ನು ಮುಟ್ಟುವ ಜಾಗ ಎಷ್ಟೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ನನ್ನ ಕಾರಿನ ಮುಂದಿನ ಒಂದೊಂದು ಗಾಲಿಯ ಕೆಳಗೆ ಆ ಜಾಗ ಒಂದು ಅಂಚೆ ಕಾರ್ಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇಡೀ ಸಂಸಾರ ನಾಲ್ಕು ಅಂಚೆ ಕಾರ್ಡುಗಳ ಮೇಲೆ ಮೈಸೂರಿಗೆ ಹೋಗುತ್ತದೆ! ಟೈರು ಅಗಲ ಮಾಡಿದರೆ ಕಾರ್ಡು ಬಹಳ ದೊಡ್ಡದಾಗುವುದಿಲ್ಲ. ಉದ್ದ ಕಡಿಮೆಯಾಗಿ ಅಡ್ಡ ಹೆಚ್ಚಾಗುತ್ತದೆ. ತಿರುವಿನಲ್ಲಿ ಅದರಿಂದ ಲಾಭವಿದೆ, ಬಿಸಿಯನ್ನು ಹಂಚಿಕೊಳ್ಳಲು ರಬ್ಬರು ಹೆಚ್ಚಾಗಿರುತ್ತದೆ, ನಿಜ. ಆದರೆ ನೀರು ನಿಂತ ರಸ್ತೆಯಲ್ಲಿ ಅಗಲದ ಟೈರು ಬೇಗ ತೇಲುತ್ತದೆ. ಜೊತೆಗೆ, ಚಕ್ರದ ರಿಮ್ಮು ಕಿರಿದಾಗಿದ್ದು ಟೈರು ಅಗಲವಾದರೆ ಗೋಡೆಗಳು ಹೊರಕ್ಕೆ ಉಬ್ಬಿ, ತಿರುವಿನಲ್ಲಿ ಕಾರು ಹಾಸಿಗೆಯ ಮೇಲೆ ನಿಂತಂತೆ ಓಲಾಡುತ್ತದೆ. ನನ್ನ ರಿಮ್ಮಿನ ಅಗಲ ೬ ಇಂಚು. ಆ ರಿಮ್ಮಿಗೆ ಹೇಳಿ ಮಾಡಿಸಿದಂತಿರುವುದು ೧೯೫/೫೫ ಆರ್ ೧೫: ಅದನ್ನು ಐದೂವರೆಯಿಂದ ಏಳು ಇಂಚಿನವರೆಗಿನ ರಿಮ್ಮಿಗೆ ಹಾಕಬಹುದು, ನಮ್ಮದು ನಡುವೆ ಕೂರುತ್ತದೆ. ಎತ್ತರ ೫೯೫.೫ ಮಿ.ಮೀ.; ಹಳೆಯದಕ್ಕಿಂತ ಶೇಕಡಾ ಒಂದೂಕಾಲು ಕಡಿಮೆ. ಗೇರು ಕೂದಲಿನಷ್ಟು ಚುರುಕಾಗುತ್ತದೆ, ಮುಳ್ಳಿನ ಸುಳ್ಳು ಇದ್ದರೂ ಕ್ಷೇಮದ ಕಡೆಗಿರುತ್ತದೆ. ಓಟಕ್ಕೆಂದೇ ಮಾಡಿದ ಟೈರುಗಳಲ್ಲಿ ಹೆಚ್ಚಾಗಿ ಸಿಗುವ ೧೯೫/೫೦ ಆರ್ ೧೫ ಕೂಡ ನೋಡಿದೆ. ಅದು ೫೭೬ ಮಿ.ಮೀ., ಶೇಕಡಾ ನಾಲ್ಕೂವರೆ ಕಡಿಮೆ. ಕಾರು ಕುಳ್ಳಾಗಿ, ನಮ್ಮ ಬೀದಿಯ ರಸ್ತೆಯುಬ್ಬಿಗೆ ಹೊಟ್ಟೆ ತಾಗೀತೆಂದು ಬಿಟ್ಟೆ.

ಸೈಜಿನ ಪಕ್ಕದಲ್ಲಿ ಇನ್ನೊಂದು ಅಂಕೆ, ಒಂದು ಅಕ್ಷರ ಇರುತ್ತವೆ. ಅಂಗಡಿಯಲ್ಲಿ ಇವನ್ನು ಯಾರೂ ಓದಿಸುವುದಿಲ್ಲ. ೮೪ ಎಂದರೆ ಒಂದು ಟೈರು ಹೊರಬಲ್ಲ ಭಾರ ೫೦೦ ಕಿಲೋ. ೮೫ ಎಂದರೆ ೫೧೫. ‘ಎಚ್’ ಎಂದರೆ ಗಂಟೆಗೆ ೨೧೦ ಕಿಲೋಮೀಟರಿನವರೆಗೆ ತಾಳುತ್ತದೆ, ‘ವಿ’ ಎಂದರೆ ೨೪೦. ಹೊಸದು ಹಳೆಯದಕ್ಕಿಂತ ಕೆಳಗಿನ ದರ್ಜೆಯದಾಗಬಾರದು. ನಾವು ೨೧೦ರಲ್ಲಿ ಹೋಗುತ್ತೇವೆಂದಲ್ಲ. ಮೇಲಿನ ದರ್ಜೆಯ ಟೈರನ್ನು ಹೆಚ್ಚು ಬಿಸಿ ತಾಳುವಂತೆ ಕಟ್ಟಿರುತ್ತಾರೆ, ಓಟದ ಹಾದಿಯಲ್ಲಿ ಸಾಯಿಸುವುದು ಬಿಸಿಯೇ.

ಸೈಜು ಮುಗಿಯಿತು. ಇನ್ನು ರಬ್ಬರು, ನಿಜವಾದ ವ್ಯತ್ಯಾಸವಿರುವುದು ಇಲ್ಲಿ. ಹತ್ತು ಮಿಲಿಮೀಟರು ಅಗಲ ಹೆಚ್ಚಿಸಿದರೆ ಸಿಗುವುದಕ್ಕಿಂತ ಬಹಳ ಹೆಚ್ಚು ಹಿಡಿತ, ಅದೇ ಸೈಜಿನಲ್ಲಿ ಒಳ್ಳೆಯ ರಬ್ಬರು ಆರಿಸಿದರೆ ಸಿಗುತ್ತದೆ. ಅಮೆರಿಕದಲ್ಲಿ ಮಾರುವ ಟೈರುಗಳ ಮೇಲೆ ‘ಟ್ರೆಡ್‌ವೇರ್’ ಎಂದು ಸವೆತದ ಅಂಕೆಯೊಂದನ್ನು ಹಾಕಬೇಕೆಂದು ಅಲ್ಲಿನ ಸರಕಾರದ ಕಟ್ಟಳೆ. ಇಲ್ಲಿ ಮಾರುವ ಹಲವದರ ಮೇಲೂ ಅದು ಕಾಣುತ್ತದೆ. ಟೆಕ್ಸಾಸಿನ ಒಂದು ನಿಶ್ಚಿತ ದಾರಿಯಲ್ಲಿ ೭,೨೦೦ ಮೈಲಿ ಓಡಿಸಿ, ನೂರು ಅಂಕದ ಮಾದರಿ ಟೈರಿನೊಡನೆ ಹೋಲಿಸಿ ಕೊಡುವ ಅಂಕೆಯಿದು. ಅಂಕ ಕೊಡುವವರು ತಯಾರಕರೇ; ತಮ್ಮ ಮಕ್ಕಳ ಉತ್ತರಪತ್ರಿಕೆಯನ್ನು ತಾವೇ ತಿದ್ದಿದಂತೆ. ಆದ್ದರಿಂದ ಒಬ್ಬರ ೩೦೦ನ್ನು ಇನ್ನೊಬ್ಬರ ೩೦೦ರೊಡನೆ ತೂಗಬಾರದು. ಆದರೂ ದಾರಿ ತೋರಿಸಲು ಸಾಕು. ದಿನಬಳಕೆಯ ಟೈರುಗಳು ಸಾಮಾನ್ಯವಾಗಿ ೩೦೦–೪೦೦ರಲ್ಲಿಯೂ ಅದರ ಮೇಲೆಯೂ ಇರುತ್ತವೆ. ಬ್ರಿಜ್‌ಸ್ಟೋನಿನ ಪೊಟೆಂಜಾ ಆರ್.ಇ.–೭೧ ಆರ್.ಎಸ್., ಯೊಕೊಹಾಮಾದ ಅಡ್ವಾನ್ ಎ–೦೫೨ ಇವು ೨೦೦; ಟೊಯೊದ ಆರ್–೮೮೮ ಆರ್ ೧೦೦. ಅಂಕೆ ಇಳಿದಷ್ಟೂ ರಬ್ಬರು ಮೆತ್ತಗೆ, ಬಿಸಿಯಾದಾಗ ನೆಲವನ್ನು ಗೋಂದಿನಂತೆ ಹಿಡಿಯುತ್ತದೆ, ಸವೆಯುವುದೂ ಅಷ್ಟೇ ಬೇಗ. ನೂರರ ಟೈರಿನಲ್ಲಿ ನೀರು ಹರಿದುಹೋಗುವ ಸಂದುಗಳೂ ಕಡಿಮೆ.

ಹುಡುಗರು ಹೆಸರು ಹೇಳುವುದು ಈ ೧೦೦, ೨೦೦ರ ಟೈರುಗಳನ್ನೇ. ಆದರೆ ೨೦೨೦ರ ಜೂನಿನಲ್ಲಿ ಭಾರತ ಸರಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದ ಮೇಲೆ, ಇಲ್ಲಿ ತಯಾರಾಗದ ಸೈಜುಗಳನ್ನು ನಮಗೆ ಬೇಕಾದಂತೆ ತರಿಸಿಕೊಳ್ಳುವುದು ಸುಲಭವಾಗಿ ಉಳಿದಿಲ್ಲ. ಎಲ್ಲೋ ಒಂದು ಅಂಗಡಿಯಲ್ಲಿ ಹಳೆಯ ದಾಸ್ತಾನು ‘ಸಿಕ್ಕಿಬಿಟ್ಟಿತು’ ಎಂದರೆ ಮೊದಲು ಆ ನಾಲ್ಕು ಅಂಕೆ ಓದಿರಿ. ನಾಲ್ಕು ವರ್ಷ ಗೋದಾಮಿನಲ್ಲಿ ಮಲಗಿದ್ದ ಮೆತ್ತನೆಯ ರಬ್ಬರಿಗೆ ಹೊಸ ಟೈರಿನ ಬೆಲೆ ಕೊಡಬೇಡಿರಿ. ಐ.ಎಸ್.ಐ. ಮುದ್ರೆ ಇದೆಯೇ ನೋಡಿರಿ. ‘ಪಂದ್ಯಕ್ಕೆ ಮಾತ್ರ’ ಎಂದು ಬರೆದಿರುವುದನ್ನು ರಸ್ತೆಗೆ ತರಲೇ ಬೇಡಿರಿ.

ಎರಡು ಜೊತೆ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ: ಹಳೆಯ ರಿಮ್ಮುಗಳಿಗೆ ಓಟದ ಟೈರು, ಕಾರಿನಲ್ಲಿ ಮನೆಯ ಟೈರು. ಮನೆಯಲ್ಲಿ ಪ್ರಸ್ತಾಪಿಸಿದೆ. “ಬಾಲ್ಕನಿಯಲ್ಲಿ ತುಳಸಿಯಿದೆ, ಬಟ್ಟೆ ಒಣಹಾಕಬೇಕು, ನಿಮ್ಮ ನಾಲ್ಕು ಚಕ್ರ ಎಲ್ಲಿ ಮಲಗುತ್ವೆ ರೀ? ಅವಕ್ಕೂ ಒಂದು ಹಾಸಿಗೆ ಹಾಕಲಾ?” ಎಂಬ ಉತ್ತರ ಬಂದಿತು. ಜಾಗವೂ ಹಣವೂ ಇರುವವರು ಹಾಗೆ ಮಾಡಬಹುದು. ಒಂದೇ ಕಾರು, ಒಂದೇ ಜೊತೆ ಎಂಬ ನನ್ನಂಥವನು ಮೊದಲು ಊರ ದಾರಿಯನ್ನು ನೋಡಬೇಕು: ಐಪ್ಪಸಿ ಕಾರ್ತಿಕದ ಚೆನ್ನೈ ಮಳೆಯಲ್ಲಿ ನೀರು ಸೀಳಬೇಕು, ನಾಲ್ಕು ಜನ ಮತ್ತು ಸಾಮಾನಿನ ಭಾರ ಹೊರಬೇಕು, ಆಮೇಲೆ ವರ್ಷಕ್ಕೆ ಎರಡು ಭಾನುವಾರ ಓಟದ ಬಿಸಿ ತಾಳಬೇಕು. ಆದ್ದರಿಂದ ೩೦೦ರ ಸುಮಾರಿನ, ಒದ್ದೆ ರಸ್ತೆಯಲ್ಲಿ ಒಳ್ಳೆಯ ಹೆಸರಿರುವ, ಗೋಡೆ ಗಟ್ಟಿಯಾದ ಟೈರನ್ನು ೧೯೫/೫೫ ಆರ್ ೧೫ರಲ್ಲಿ ಆರಿಸಿದೆ. ಯಾರದೆಂದು ಹೇಳಿದರೆ ಜಾಹೀರಾತಾದೀತು. ಮೈಸೂರಿನಲ್ಲಿ ಬೆಳೆದ ನನಗೆ ಟೈರೆಂದರೆ ವಿಕ್ರಾಂತ್. ಆ ಕಾರ್ಖಾನೆ ೧೯೯೭ರಲ್ಲಿ ಜೆ.ಕೆ.ಯವರ ಕೈಸೇರಿತು. ಭಾವಮೈದುನನೋ, ೧೯೪೬ರಲ್ಲಿ ಇಲ್ಲಿಯೇ ತಿರುವೊಟ್ರಿಯೂರಿನ ಒಂದು ಷೆಡ್ಡಿನಲ್ಲಿ ಆಟದ ಬಲೂನು ಮಾಡುತ್ತ ಹುಟ್ಟಿದ ಎಂ.ಆರ್.ಎಫ್.ನ ಪಕ್ಷ. ಈ ಅಭಿಮಾನದ ಜಗಳ ಇನ್ನೂ ತೀರಿಲ್ಲ. ನಾಲ್ಕು ಟೈರಿಗೆ ಹತ್ತಿರ ಹತ್ತಿರ ಮೂವತ್ತು ಸಾವಿರವಾಯಿತು. ಹಬ್ಬದ ಮುಂಗಡದಲ್ಲಿ ಸೀರೆಯ ಪಾಲು ದೀಪಾವಳಿಗೆ ಮುಂದೂಡಲ್ಪಟ್ಟಿತು. ಅಂಗಡಿಯಲ್ಲಿ ನಾಲ್ಕರ ಅಂಕೆಗಳನ್ನೂ ಓದಿಯೇ ಹಾಕಿಸಿದೆ. ಎರಡನ್ನು ವಾಪಸು ಮಾಡಿ ಬೇರೆ ತರಿಸಬೇಕಾಯಿತು. ಅಂಗಡಿಯವನು ನನ್ನನ್ನು ಆಡಿಟರೆಂದು ತಿಳಿದನು.

ದಸರೆಗೆ ಹೋಗಿಬಂದೆವು. ವಾಣಿಯಂಬಾಡಿ ದಾಟಿದ ಮೇಲೆ ಮಳೆ ಹಿಡಿಯಿತು. ಮುಂದೆ ಹೋಗುತ್ತಿದ್ದ ಲಾರಿ ಇದ್ದಕ್ಕಿದ್ದಂತೆ ಬ್ರೇಕು ಒತ್ತಿತು; ನಾನೂ ಒತ್ತಿದೆ; ಕಾರು ನೇರವಾಗಿ, ಬಾಲ ತಿರುಗಿಸದೆ, ಲಾರಿಗೆ ಒಂದು ಮಾರು ಹಿಂದೆ ನಿಂತಿತು. ಅಮ್ಮ ತೂಕಡಿಸುತ್ತಿದ್ದವರು ಕಣ್ಣುಬಿಟ್ಟು “ಬೆಂಗಳೂರು ಬಂತೇನೋ?” ಎಂದರು. ಹೆಂಡತಿ ನನ್ನ ಮುಖ ನೋಡಿದಳು. ಸೀರೆಯ ಮಾತು ಆಮೇಲೆ ಬರಲಿಲ್ಲ.

ಹೊಸ ಟೈರಿನಲ್ಲಿ ಎರಡನೆಯ ಬಾರಿ ಇರುಂಗಾಟ್ಟುಕೋಟ್ಟೈಗೆ ಹೋದದ್ದು ಅದಾದ ಮೂರು ತಿಂಗಳಿಗೆ. ಬೇಕೆಂತಲೇ ತಡೆದೆ. ಹೊಚ್ಚ ಹೊಸ ಟೈರಿನ ಆಳವಾದ ಅಚ್ಚು ಓಟದ ಹಾದಿಯಲ್ಲಿ ಅತ್ತಿತ್ತ ಬಾಗಿ, ಬೇಗ ಕಾದು, ತುಂಡಾಗಬಹುದು. ಸ್ವಲ್ಪ ಸವೆದ ಟೈರು ಒಣ ಹಾದಿಯಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಹಾಗೆಂದು ನಮ್ಮ ಮೋಟಾರು ನಿಯಮ ಹೇಳುವ ೧.೬ ಮಿ.ಮೀ.ನ ಗಡಿಯವರೆಗೆ ಸವೆಸಿ ಮಳೆಗಾಲದಲ್ಲಿ ಓಡಿಸುವುದು ಹುಚ್ಚುತನ.

ಅಂದು ಮಗಳ ಸ್ಲೇಟಿನ ಸೀಮೆಸುಣ್ಣ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಟೈರಿನ ಅಚ್ಚಿನ ಅಂಚಿನಿಂದ ಗೋಡೆಯವರೆಗೆ ಮೂರು ಕಡೆ ಗೆರೆ ಎಳೆದು ಓಡಿಸಬೇಕು. ಬಂದು ನೋಡಿದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ನೆಲಕ್ಕೆ ಮಗುಚಿದೆ ಎಂದರ್ಥ. ಅಚ್ಚಿನ ಅಂಚಿಗೆ ನಿಂತರೆ ಸರಿ. ಗೋಡೆಯ ಮೇಲಿನದೂ ಅಳಿಸಿದರೆ ಗಾಳಿ ಕಡಿಮೆ. ಅಂಚಿನವರೆಗೂ ಅಳಿಸದಿದ್ದರೆ ಹೆಚ್ಚು. ಮುಂದಿನ ಗಾಲಿಗಳಿಂದಲೇ ಎಳೆಯುವ ಇಂಥ ಕಾರಿನಲ್ಲಿ ಮುಂದಿನ ಟೈರುಗಳೇ ಎಳೆಯಬೇಕು, ತಿರುಗಿಸಬೇಕು, ಹೆಚ್ಚಿನ ಬ್ರೇಕನ್ನೂ ಹೊರಬೇಕು; ಹಿಂದಿನವು ಪಿಂಚಣಿದಾರರಂತೆ ಸುಮ್ಮನೆ ಬರುತ್ತವೆ. ನೋಡಬೇಕಾದದ್ದು ಮುಂದಿನವನ್ನು.

ಗಾಳಿಯ ಲೆಕ್ಕವೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಹಣವೂ ಬೇಡ, ಒಂದು ನಂಬಿಕೆಯ ಗೇಜು ಸಾಕು. ಟೈರು ಕಾದರೆ ಒಳಗಿನ ಗಾಳಿ ಹಿಗ್ಗಿ ಒತ್ತಡ ಏರುತ್ತದೆ. ಸುಮಾರು ಆರು ಡಿಗ್ರಿಗೆ ಒಂದು ಪೌಂಡು. ಬೆಳಿಗ್ಗೆ ತಣ್ಣಗಿದ್ದಾಗ ಮುಂದಿನವಕ್ಕೆ ೩೦ ಪೌಂಡು ಹಾಕಿದ್ದೆ. ಕಾಲು ಗಂಟೆಯ ಓಟದ ಮೇಲೆ ಗೇಜು ೩೭ ತೋರಿಸಿತು. ಸೀಮೆಸುಣ್ಣವೂ ಹೆಚ್ಚೆಂದು ಹೇಳಿತು. ಮೂರು ಪೌಂಡು ಬಿಟ್ಟು ೩೪ಕ್ಕೆ ತಂದೆ. ಮುಂದಿನ ಸರದಿಯಲ್ಲಿ ಕಾರು ಬೇರೆಯೇ ಆಗಿಹೋಯಿತು. ಮಾತು ಕೇಳುವ ಮಗುವಿನಂತೆ ತಿರುಗಿತು. ಅಷ್ಟು ಆನಂದವನ್ನು ನಾನು ಯಾವ ಬಡ್ತಿಯಲ್ಲಿಯೂ ಕಂಡಿಲ್ಲ.

ಆ ಆನಂದದಲ್ಲಿ ಒಂದು ಕೆಲಸ 
ಮರೆತೆ. ಬಿಸಿಯಲ್ಲಿ ಗಾಳಿ ಬಿಟ್ಟಿದ್ದೆನಲ್ಲ, ಟೈರು ತಣಿದ ಮೇಲೆ ಅದು ಎಷ್ಟಕ್ಕೆ ಇಳಿಯಬೇಕು? ಮಾರನೆಯ ಬೆಳಿಗ್ಗೆ ಅಮ್ಮನನ್ನು ಕಂಚಿಗೆ ಕರೆದೊಯ್ಯಬೇಕಾಗಿದ್ದಿತು. ಮಗಳು ಕಾರು ಹತ್ತುವ ಮುಂಚೆ ಗಾಲಿಯ ಬಳಿ ಕುಳಿತು, “ಅಪ್ಪಾ, ನನ್ನ ಸೀಮೆಸುಣ್ಣದಲ್ಲಿ ಇಲ್ಲಿ ಬರೆದವರು ಯಾರು?” ಎಂದು ಪಂಚಾಯಿತಿ ತೆಗೆದಳು. ಆಗ ನೆನಪಾಯಿತು. ಗೇಜು ಹಚ್ಚಿದರೆ ೨೭. ತುಂಬಿದ ಕಾರು, ಹೆದ್ದಾರಿ, ಬಿಸಿಲು, ಗಾಳಿ ಕಡಿಮೆಯಾದ ಟೈರು. ಗೋಡೆ ಬಗ್ಗಿ ಬಗ್ಗಿ ಒಳಗೇ ಕಾದು ಒಡೆಯಲು ಇದಕ್ಕಿಂತ ಬೇರೆ ಬೇಕಿಲ್ಲ. ಕಾರಿನ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲು ಮುಚ್ಚಳದ ಒಳಗೋ ಅಂಟಿಸಿರುವ ಚೀಟಿಯಲ್ಲಿ ತುಂಬಿದ ಗಾಡಿಗೆ ಎಷ್ಟು ಗಾಳಿ ಎಂದು ಬರೆದಿರುತ್ತದೆ. ಅಷ್ಟನ್ನು ಹಾಕಿಸಿಕೊಂಡೇ ಹೊರಟೆವು. ಈಗ ಓಟದ ಹಾದಿಯ ಗೇಟಿನಿಂದ ಹೊರಬಂದ ತಕ್ಷಣ ಮೊದಲ ಪೆಟ್ರೋಲು ಬಂಕಿನಲ್ಲಿ ನಿಲ್ಲುತ್ತೇನೆ; ಟೈರು ಇನ್ನೂ ಬಿಸಿಯಾಗಿರುವುದರಿಂದ ಚೀಟಿಗಿಂತ ನಾಲ್ಕೈದು ಪೌಂಡು ಹೆಚ್ಚೇ ಹಾಕಿಸಿ, ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ಅಳೆಯುತ್ತೇನೆ.

ವಿಮೆಯ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮದು ತಿಂಗಳ ಸಂಬಳದ ಬದುಕು. ನಮ್ಮ ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಪಂದ್ಯ, ವೇಗದ ಪರೀಕ್ಷೆ ಇವಕ್ಕೆ ರಕ್ಷಣೆಯಿಲ್ಲವೆಂದು ಬರೆದಿರುತ್ತದೆ. ಹಾದಿಯಲ್ಲಿ ಕಾರು ಜಜ್ಜಿದರೆ ಖರ್ಚು ನಮ್ಮದೇ ಎಂದು ತಿಳಿದು ಓಡಿಸಬೇಕು. ಇದನ್ನು ತಿಳಿದ ಮೇಲೆ ನನ್ನ ಬಲಗಾಲು ತಾನಾಗಿಯೇ ಸ್ವಲ್ಪ ಹಗುರವಾಯಿತು.

ಯುಗಾದಿಯಂದು ಕೇಳಿದ ಇಬ್ಬರಲ್ಲಿ ಒಬ್ಬನು ಮೊನ್ನೆ ಫೋನು ಮಾಡಿದ್ದನು. ಸೈಜಿನ ವಿಚಾರ ಆಮೇಲೆ, ಮೊದಲು ಈಗಿರುವ ಟೈರಿನ ನಾಲ್ಕು ಅಂಕೆ ಓದಿ ಹೇಳಪ್ಪಾ ಎಂದೆ. ಕಾರಿನ ಬಳಿಗೆ ಹೋಗಿ, ಬಗ್ಗಿ, ಏದುಸಿರು ಬಿಡುತ್ತ ಓದಿದನು: ೩೮೧೬. ಅವನ ತಂದೆತಾಯಿ ಮುಂದಿನ ವಾರ ಅದೇ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದಾರಂತೆ. ಶನಿವಾರ ಕಛೇರಿ ಇಲ್ಲ. ಇಬ್ಬರೂ ಟೈರಿನ ಅಂಗಡಿಗೆ ಹೋಗುತ್ತಿದ್ದೇವೆ.